ಧರ್ಮಸ್ಥಳದ ದಾರಿ: ಘಟ್ಟದ ನಡಿಗೆಯಿಂದ ಶನಿವಾರದ ಬಸ್ಸಿನವರೆಗೆ

ನೇತ್ರಾವತಿ ನದಿಗೆ ಸಮೀಪದ ಧರ್ಮಸ್ಥಳ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಊರು. ಹಿಂದಿನ ಹೆಸರು ಕುಡುಮ. ಕ್ಷೇತ್ರದ ಐತಿಹ್ಯದ ಪ್ರಕಾರ ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ದಂಪತಿ ಧರ್ಮದೈವಗಳಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಆ ದೈವಗಳ ಸೇವಕ ಅಣ್ಣಪ್ಪ ಮಂಗಳೂರಿನ ಕದ್ರಿಯಿಂದ ಮಂಜುನಾಥನ ಲಿಂಗವನ್ನು ತಂದ. ಜೈನ ಹೆಗ್ಗಡೆ ಮನೆತನದ ಆಡಳಿತ, ವೈಷ್ಣವ ಅರ್ಚಕರ ಪೂಜೆ, ಗರ್ಭಗುಡಿಯಲ್ಲಿ ಶಿವ: ಇಂಥ ಸಂಗಮ ಅಪರೂಪ.

ಬಸ್ಸು ಬರುವ ಮೊದಲು ಘಟ್ಟದ ಮೇಲಿನವರಿಗೆ ಈ ಯಾತ್ರೆ ದಿನಗಟ್ಟಲೆಯ ಮಾತು. ಚಾರ್ಮಾಡಿ ಅಥವಾ ಶಿರಾಡಿಯ ಕಾಡಿನಲ್ಲಿ ಇಳಿದು ಬರಬೇಕಿತ್ತು. ಅಷ್ಟು ಕಷ್ಟಪಟ್ಟು ಬರುತ್ತಿದ್ದವರಿಗೆ ಗಟ್ಟಿ ಕಾರಣವಿರುತ್ತಿತ್ತು: ಹೊತ್ತ ಹರಕೆ, ಇಲ್ಲವೇ ಬಗೆಹರಿಯದ ವ್ಯಾಜ್ಯ. ‘ಮಾತು ಬಿಡ ಮಂಜುನಾಥ’ ಎಂಬ ನಂಬಿಕೆಯ ಬಲದ ಮೇಲೆ ಜನ ಇಲ್ಲಿ ಆಣೆ ಇಡುತ್ತಿದ್ದರು. ಹೆಗ್ಗಡೆಯವರ ಮುಂದೆ ಹೊಯ್ಲು, ಅಂದರೆ ದೂರು, ಹಾಕಿ ಆಸ್ತಿಪಾಸ್ತಿಯ ಜಗಳ ತೀರಿಸಿಕೊಳ್ಳುತ್ತಿದ್ದರು. ಧರ್ಮಸ್ಥಳದ ಕೀರ್ತಿಗೆ ಮೊದಲ ಆಧಾರ ಈ ನ್ಯಾಯವೇ ಹೊರತು ಗುಡಿಯ ವೈಭವವಲ್ಲ.

ದಾರಿಗೆ ಇನ್ನೊಂದು ತಡೆಯೂ ಇತ್ತು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಘಟ್ಟದ ನೆತ್ತಿಯ ಆಚೆಗೆ ಮೈಸೂರು. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು: ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಷ್ಟು ಹಳೆಯದು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು. ಅದು 1961ರ ಆಗಸ್ಟ್ 1ರಂದು ನಿಗಮವಾಯಿತು. ಅಷ್ಟು ಹೊತ್ತಿಗೆ ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯ. ಹಳೆ ಮೈಸೂರಿನ ಹಳ್ಳಿಗಳಿಗೆ ಮಂಜುನಾಥ ಹತ್ತಿರವಾದದ್ದರಲ್ಲಿ ಈ ಏಕೀಕರಣದ ಪಾಲು ದೊಡ್ಡದು. ಯಾತ್ರೆಯ ಕಥೆ ಹೇಳುವವರು ಇದನ್ನು ಮರೆಯುವುದೇ ಹೆಚ್ಚು.

ರೈಲು ಈ ಊರಿಗೆ ಬರಲೇ ಇಲ್ಲ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ಣಗೊಂಡರೂ ಧರ್ಮಸ್ಥಳ ಅದರಿಂದ ದೂರವೇ ಉಳಿಯಿತು. ಗೇಜ್ ಬದಲಾವಣೆಗೆಂದು 1990ರ ದಶಕದಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ವರ್ಷಗಳಲ್ಲಿ ಯಾತ್ರೆಯ ಭಾರವನ್ನೆಲ್ಲ ಹೊತ್ತದ್ದು ಬಸ್ಸೇ.

ವಾರಾಂತ್ಯದ ಯಾತ್ರೆಗೆ ಆಕಾರ ಕೊಟ್ಟದ್ದು ರಾತ್ರಿ ಬಸ್ಸು. ಶುಕ್ರವಾರ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹತ್ತಿದವರಿಗೆ ಹಾಸನ, ಸಕಲೇಶಪುರ ನಿದ್ದೆಯಲ್ಲೇ ಕಳೆಯುತ್ತವೆ. ಶಿರಾಡಿಯ ತಿರುವುಗಳಲ್ಲಿ ಎಚ್ಚರವಾಗುತ್ತದೆ. ಬೆಳಗಿನ ಜಾವ ಸ್ನಾನಘಟ್ಟದಲ್ಲಿ ಮುಳುಗು, ಒದ್ದೆ ತಲೆಯಲ್ಲೇ ಸರತಿ ಸಾಲು, ದರ್ಶನ. ಮಧ್ಯಾಹ್ನ ಅನ್ನಪೂರ್ಣ ಛತ್ರದಲ್ಲಿ ನೆಲದ ಮೇಲೆ ಸಾಲು ಸಾಲಾಗಿ ಕುಳಿತವರಿಗೆ ಅನ್ನ, ಸಾರು, ಪಾಯಸ. ಜಾತಿ, ಅಂತಸ್ತು ಕೇಳದ ಈ ಊಟ ಕ್ಷೇತ್ರದ ಅತ್ಯಂತ ದೊಡ್ಡ ಸೇವೆ. ಊಟ ಮುಗಿಸಿ ಕುಕ್ಕೆ ಸುಬ್ರಹ್ಮಣ್ಯದ ಬಸ್ಸು ಹಿಡಿದರೆ ಭಾನುವಾರ ರಾತ್ರಿ ವಾಪಸು. ಕೂಲಿಯವರಿಗೂ ಕಚೇರಿಯವರಿಗೂ ಸೋಮವಾರದ ಕೆಲಸ ತಪ್ಪುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಗಂಡನ ಜೇಬನ್ನೋ ಮಗನ ಬಿಡುವನ್ನೋ ಕಾಯುತ್ತಿದ್ದ ಹೆಣ್ಣುಮಕ್ಕಳು ಓರಗೆಯವರೊಂದಿಗೆ ತಾವೇ ಹೊರಟರು. ಶನಿವಾರ, ಭಾನುವಾರಗಳ ಬಸ್ಸುಗಳು ತುಂಬಿ ತುಳುಕಿದವು. ನೂಕುನುಗ್ಗಲಿನ ದೂರುಗಳೇನೇ ಇರಲಿ, ಈ ಯಾತ್ರೆಯ ಇತಿಹಾಸದಲ್ಲಿ ಇದು ಏಕೀಕರಣದಷ್ಟೇ ಮುಖ್ಯ ತಿರುವು.

ಹಳೆಯ ದಾರಿಯೂ ಅಳಿದಿಲ್ಲ. ಪ್ರತಿ ಶಿವರಾತ್ರಿಗೆ ಬೆಂಗಳೂರು ಮತ್ತು ಬಯಲುಸೀಮೆಯ ಊರುಗಳಿಂದ ಭಕ್ತರು ದಿನಗಟ್ಟಲೆ ನಡೆದು, ಚಾರ್ಮಾಡಿ ಘಾಟಿ ಇಳಿದು, ಉಜಿರೆಯ ಮೂಲಕ ಧರ್ಮಸ್ಥಳ ಸೇರುತ್ತಾರೆ.