ಒಂದು ನೀಲಿ, ಆರು ಸೇಯ್: ತಿಮಿಂಗಿಲದ ಕೊಬ್ಬಿನ ಲೆಕ್ಕಪತ್ರ

ನಮ್ಮ ಕಡೆ ತಿಮಿಂಗಿಲ ಸುದ್ದಿಯಾಗೋದು ಹೆಚ್ಚಾಗಿ ಪೊಲೀಸ್ ಸ್ಟೇಷನ್‌ನಲ್ಲಿ. ‘ತಿಮಿಂಗಿಲ ವಾಂತಿ’ ಮಾರೋಕೆ ಬಂದವರ ಬಂಧನ, ಟೇಬಲ್ ಮೇಲೆ ಬೂದು ಬಣ್ಣದ ಗಟ್ಟಿ, ಮೇಲೆ ‘ಕೋಟಿ ಕೋಟಿ ಬೆಲೆ’ ಅನ್ನೋ ಹೆಡ್‌ಲೈನ್. ಪ್ರಾಣಿ ಹೇಗಿದೆ ಅಂತ ಯಾರೂ ಕೇಳಲ್ಲ, ಕೆ.ಜಿ.ಗೆ ಎಷ್ಟು ಅಂತ ಕೇಳ್ತೀವಿ. ನಾನೂ ಬಿ.ಕಾಂ. ಓದಿದವಳು, ನನಗೂ ಮೊದಲು ಹೊಳೆಯೋದು ರೇಟೇ. ಅದಕ್ಕೇ ಇವತ್ತಿನ ಎಪಿಸೋಡ್ ಒಂದು ಲೆಕ್ಕದ ಕಥೆ. ತಿಮಿಂಗಿಲದ ಮೈಯಲ್ಲಿರೋ ಕೊಬ್ಬನ್ನ ಮನುಷ್ಯರು ಯಾವ ಖಾತೆಯಲ್ಲಿ ಬರೆದುಕೊಂಡ್ರು ಅನ್ನೋ ಕಥೆ.

ಮೊದಲು ಕೊಬ್ಬಿನ ವಿಷಯ. ತಿಮಿಂಗಿಲದ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರ ಇರುತ್ತೆ, ಅದಕ್ಕೆ ಬ್ಲಬರ್ ಅಂತಾರೆ. ದಕ್ಷಿಣ ಸಮುದ್ರದ ನೀಲಿ ತಿಮಿಂಗಿಲ ಬೇಸಿಗೆಯಲ್ಲಿ ಅಂಟಾರ್ಕ್ಟಿಕಾ ಹತ್ತಿರ ಹೋಗಿ, ಕ್ರಿಲ್ ಅನ್ನೋ ಸೀಗಡಿಯಂಥ ಪುಟ್ಟ ಜೀವಿಗಳನ್ನ ಟನ್‌ಗಟ್ಟಲೆ ನುಂಗಿ ಮೈ ತುಂಬಿಸಿಕೊಳ್ಳುತ್ತೆ. ಆಮೇಲೆ ಬೆಚ್ಚಗಿನ ನೀರಿಗೆ ಬಂದು ಮರಿ ಹಾಕುತ್ತೆ. ಅಲ್ಲಿ ಊಟ ಕಮ್ಮಿ, ಖರ್ಚು ವಿಪರೀತ. ಮರಿ ದಿನಕ್ಕೆ ಸುಮಾರು 90 ಕೆ.ಜಿ. ತೂಕ ಏರುತ್ತೆ. ಅಷ್ಟು ಹಾಲು ತಾಯಿಯ ಕೊಬ್ಬು ಕರಗಿಯೇ ಬರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಬಡ್ಡಿಯಲ್ಲ, ಅಸಲು. ಅಸಲು ಕರಗಿದ್ರೆ ಮುಂದಿನ ಮರಿ ಇಲ್ಲ.

ಈಗ ಇನ್ನೊಂದು ಕಡೆಯ ಪುಸ್ತಕ ತೆಗೆಯೋಣ. 1904ರಲ್ಲಿ ನಾರ್ವೆಯ ಕಾರ್ಲ್ ಆಂಟನ್ ಲಾರ್ಸನ್ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ, ಗ್ರಿಟ್‌ವಿಕೆನ್ ಅನ್ನೋ ಜಾಗದಲ್ಲಿ ತಿಮಿಂಗಿಲ ಕಾರ್ಖಾನೆ ಶುರು ಮಾಡಿದ. ಅದೇ ಕಾಲಕ್ಕೆ ದ್ರವ ಎಣ್ಣೆಯನ್ನ ಗಟ್ಟಿ ಮಾಡೋ ವಿಧಾನ ಬಂತು. ತಿಮಿಂಗಿಲದ ಎಣ್ಣೆ ಯುರೋಪಿನವರ ಬ್ರೆಡ್ ಮೇಲೆ ಮಾರ್ಗರೀನ್ ಆಗಿ ಕೂತಿತು, ಬಚ್ಚಲಲ್ಲಿ ಸೋಪಾಯ್ತು. 1904ರಿಂದ 1965ರವರೆಗೆ ಆ ಒಂದು ದ್ವೀಪಕ್ಕೆ ಎಳೆದು ತಂದ ತಿಮಿಂಗಿಲಗಳು 1,75,000ಕ್ಕೂ ಹೆಚ್ಚು.

1925ರ ಹೊತ್ತಿಗೆ ದಡದ ಹಂಗೂ ತಪ್ಪಿತು. ತಿಮಿಂಗಿಲವನ್ನ ಹಿಂಬದಿಯ ಜಾರುದಾರಿಯಿಂದ ಒಳಗೆಳೆದು, ನಡುಸಮುದ್ರದಲ್ಲೇ ಕೊಬ್ಬು ಬೇಯಿಸೋ ಹಡಗು ಬಂತು. 1930–31ರ ಒಂದೇ ಸೀಸನ್‌ನಲ್ಲಿ ಕೊಂದ ನೀಲಿ ತಿಮಿಂಗಿಲಗಳು 29 ಸಾವಿರಕ್ಕೂ ಜಾಸ್ತಿ. ಆಗ ಏನಾಯ್ತು ಗೊತ್ತಾ? ಟೊಮೆಟೊಗೆ ಆಗೋದೇ ಆಯ್ತು. ಮಾರುಕಟ್ಟೆಗೆ ಮಾಲು ಜಾಸ್ತಿ ಬಂದು ಎಣ್ಣೆ ರೇಟು ನೆಲ ಕಚ್ಚಿತು.

ಕಂಪನಿಗಳು ಕೂತು ಉತ್ಪಾದನೆಗೆ ಮಿತಿ ಹಾಕಿಕೊಂಡ್ವು. ಪಾಪ, ತಿಮಿಂಗಿಲದ ಮೇಲಿನ ಕರುಣೆಯಿಂದಲ್ಲ. ಮಿತಿ ಹಾಕೋಕೆ ಒಂದು ಅಳತೆ ಬೇಕಲ್ಲ? ಹಾಗೆ ಬಂದದ್ದು ಬ್ಲೂ ವೇಲ್ ಯುನಿಟ್, ಬಿ.ಡಬ್ಲ್ಯೂ.ಯು. ಒಂದು ನೀಲಿ ತಿಮಿಂಗಿಲ ಅಂದ್ರೆ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್, ಆರು ಸೇಯ್. ಯಾವುದರಿಂದ ಎಷ್ಟು ಎಣ್ಣೆ ಸಿಗುತ್ತೆ ಅನ್ನೋದೇ ಇದರ ಆಧಾರ. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ‘ಈಕ್ವಿವಲೆಂಟ್ ಯುನಿಟ್’ ಅಂತ ಬರುತ್ತಲ್ಲ, ಅರ್ಧಂಬರ್ಧ ತಯಾರಾದ ಮಾಲನ್ನ ಪೂರ್ತಿ ಮಾಲಿನ ಲೆಕ್ಕಕ್ಕೆ ತರೋದು? ಇದನ್ನ ಮೊದಲ ಸಲ ಓದಿದಾಗ ನನಗೆ ಅದೇ ನೆನಪಾಗಿ ನಗು ಬಂತು. ಎರಡೂವರೆ ಹಂಪ್‌ಬ್ಯಾಕ್! ಆಮೇಲೆ ನಗು ನಿಂತಿತು.

ಯಾಕಂದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರ ಅಂತರರಾಷ್ಟ್ರೀಯ ಒಪ್ಪಂದವೂ ಇದೇ ಅಳತೆ ಇಟ್ಟುಕೊಂಡಿತು. ಇಡೀ ಅಂಟಾರ್ಕ್ಟಿಕ್ ಸಮುದ್ರಕ್ಕೆ ಸೀಸನ್‌ಗೆ 16,000 ಯುನಿಟ್. ಯಾವ ದೇಶಕ್ಕೆ ಎಷ್ಟು ಅಂತ ಪಾಲಿಲ್ಲ. ಹಡಗುಗಳು ಪ್ರತಿ ವಾರ ವೈರ್‌ಲೆಸ್‌ನಲ್ಲಿ ನಾರ್ವೆಯ ಸಾಂಡೆಫ್ಯೋರ್ಡ್ ಕಚೇರಿಗೆ ಲೆಕ್ಕ ಕಳಿಸಬೇಕು. ಅವರು ಕೂಡಿಸ್ತಾ ಹೋಗಿ, ಕೋಟಾ ಮುಗಿಯೋ ದಿನ ಘೋಷಿಸ್ತಾರೆ. ಅಲ್ಲಿಯವರೆಗೆ ಯಾರು ಎಷ್ಟು ಬಾಚಿಕೊಂಡ್ರೆ ಅಷ್ಟು.

ನೀವೇ ಆ ಹಡಗಿನ ಮ್ಯಾನೇಜರ್ ಅಂದ್ಕೊಳ್ಳಿ. ಒಂದು ಯುನಿಟ್‌ಗೆ ಆರು ಸೇಯ್ ಬೆನ್ನಟ್ಟುತ್ತೀರಾ, ಒಂದು ನೀಲಿ ಹೊಡೀತೀರಾ? ಉತ್ತರ ಸುಲಭ. ನೀಲಿ ತಿಮಿಂಗಿಲಗಳು ಅಪರೂಪವಾದ ಮೇಲೂ, ಕಣ್ಣಿಗೆ ಬಿದ್ದ ಒಂದನ್ನ ಬಿಡೋಕೆ ಆ ಅಳತೆಯಲ್ಲಿ ಯಾವ ಕಾರಣವೂ ಇರಲಿಲ್ಲ. ಇನ್ನೊಂದು ವಿಷಯ, ಇದು ನನ್ನನ್ನ ಜಾಸ್ತಿ ಕಾಡಿದ್ದು: ಹಿಂಡಿನಲ್ಲಿ ತುಂಬ ಕೊಬ್ಬಿರೋದು ಗರ್ಭಿಣಿ ತಿಮಿಂಗಿಲದಲ್ಲಿ. ಅದರ ಮೈಯಲ್ಲಿದ್ದದ್ದು ಮರಿಯ ಪಾಲಿನ ಹಾಲು. ಕಂಪನಿ ಪುಸ್ತಕದಲ್ಲಿ ಅದೂ ಈ ವರ್ಷದ ಆದಾಯ.

ಗೊತ್ತಿಲ್ಲದೆ ಮಾಡಿದ್ರು ಅನ್ನೋಕೂ ಆಗಲ್ಲ. 1925ರಲ್ಲೇ ಬ್ರಿಟನ್ನಿನ ‘ಡಿಸ್ಕವರಿ’ ಸಂಶೋಧನೆಯ ವಿಜ್ಞಾನಿಗಳು ಗ್ರಿಟ್‌ವಿಕೆನ್ ಪಕ್ಕದಲ್ಲಿ ಲ್ಯಾಬ್ ಹಾಕಿಕೊಂಡು ಕೂತಿದ್ರು. ಕಾರ್ಖಾನೆಯ ಅಂಗಳದಲ್ಲಿ ರಕ್ತ, ಎಣ್ಣೆಯ ಮಧ್ಯೆ ನಿಂತು ಸತ್ತ ತಿಮಿಂಗಿಲದ ಉದ್ದ, ಬ್ಲಬರ್‌ನ ದಪ್ಪ, ಹೊಟ್ಟೆಯಲ್ಲಿ ಭ್ರೂಣ ಇದೆಯಾ, ಎಲ್ಲ ಬರೆದುಕೊಂಡ್ರು. ಅವರ ಕೆಲಸಕ್ಕೆ ದುಡ್ಡು ಬಂದದ್ದು ತಿಮಿಂಗಿಲ ಎಣ್ಣೆ ಮೇಲಿನ ತೆರಿಗೆಯಿಂದ! ಕೊಬ್ಬು ಹೇಗೆ ಏರಿಳಿಯುತ್ತೆ ಅಂತ ನಮಗೆ ಮೊದಲು ಸರಿಯಾಗಿ ತಿಳಿದದ್ದು ಅವರಿಂದಲೇ. ಅಳತೆ ಇತ್ತು. ಓದೋರು ಬೇರೆ ಕಾಲಂ ಓದ್ತಿದ್ರು, ಅಷ್ಟೇ.

ಬ್ಲೂ ವೇಲ್ ಯುನಿಟ್ ಕೈಬಿಟ್ಟದ್ದು 1972ರಲ್ಲಿ. ಆ ಹೊತ್ತಿಗೆ, ಒಂದು ಕಾಲದಲ್ಲಿ 2 ಲಕ್ಷಕ್ಕೂ ಹೆಚ್ಚಿದ್ದ ಅಂಟಾರ್ಕ್ಟಿಕ್ ನೀಲಿ ತಿಮಿಂಗಿಲಗಳಲ್ಲಿ ಉಳಿದಿದ್ದದ್ದು ಕೆಲವು ನೂರು ಅಂತ ಅಂದಾಜು. 2020ರಲ್ಲಿ ಸೌತ್ ಜಾರ್ಜಿಯಾ ಸುತ್ತ 23 ದಿನ ಹುಡುಕಿದ ತಂಡಕ್ಕೆ 55 ಕಂಡ್ವು. 55 ಅಂತ ವಿಜ್ಞಾನಿಗಳು ಕುಣಿದಾಡುವಷ್ಟು ಖುಷಿಪಟ್ರು.

ಇವತ್ತು ಕೊಬ್ಬು ಅಳೆಯೋಕೆ ಕೊಲ್ಲಬೇಕಾಗಿಲ್ಲ. ಮೇಲೆ ಡ್ರೋನ್ ಹಾರಿಸಿ ಫೋಟೊ ತೆಗೀತಾರೆ. ಡ್ರೋನ್ ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಿದ್ರೆ, ತಿಮಿಂಗಿಲದ ಉದ್ದ, ಅಗಲ ಲೆಕ್ಕ ಹಾಕಬಹುದು. ಸೊರಗಿದೆಯೋ ತುಂಬಿಕೊಂಡಿದೆಯೋ ತಿಳಿಯುತ್ತೆ. ಈ ಅಳತೆ ಈಗ ತುಂಬ ಅಗತ್ಯವಾಗಿರೋದು ಭೂಮಿಯ ಇನ್ನೊಂದು ತುದಿಯಲ್ಲಿ, ಅಮೆರಿಕ-ಕೆನಡಾದ ಅಟ್ಲಾಂಟಿಕ್ ಕರಾವಳಿಯ ರೈಟ್ ವೇಲ್‌ಗೆ. ನಿಧಾನ ಈಜುತ್ತೆ, ಸತ್ತರೂ ತೇಲುತ್ತೆ, ಬೇಕಾದಷ್ಟು ಎಣ್ಣೆ ಕೊಡುತ್ತೆ, ಹಾಗಾಗಿ ಬೇಟೆಗೆ ‘ಸರಿಯಾದ’ ತಿಮಿಂಗಿಲ ಅಂತ ಆ ಹೆಸರು ಬಂತು ಅಂತಾರೆ. 1935ರಿಂದ ಅದರ ಬೇಟೆ ನಿಷೇಧ. ಆದ್ರೂ ಉಳಿದಿರೋದು 400ಕ್ಕಿಂತ ಕಡಿಮೆ.

ಈಗ ಅದರ ಕೊಬ್ಬನ್ನ ಯಾರೂ ಬೇಯಿಸ್ತಿಲ್ಲ. ಆದ್ರೆ ಏಡಿ, ಲಾಬ್‌ಸ್ಟರ್ ಹಿಡಿಯೋ ಬೋನುಗಳ ಹಗ್ಗ ಮೈಗೆ ಸುತ್ತಿಕೊಂಡು ತಿಂಗಳುಗಟ್ಟಲೆ ಎಳೆದು ಸೊರಗುತ್ತೆ. ನೀರು ಬಿಸಿಯಾಗಿ ಊಟ ಬೇರೆ ಕಡೆ ಸರಿದಿದೆ, ಹುಡುಕಿಕೊಂಡು ಹೋದ ದಾರಿಯಲ್ಲಿ ಹಡಗು ಗುದ್ದುತ್ತೆ. ವಿಮಾನ, ಡ್ರೋನ್ ಫೋಟೊಗಳಿಂದ 2021ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, 1981ರಲ್ಲಿ ಹುಟ್ಟಿದ್ದಕ್ಕಿಂತ ಈಗ ಹುಟ್ಟೋ ರೈಟ್ ವೇಲ್ ಬೆಳೆದ ಮೇಲೂ ಸುಮಾರು 1 ಮೀಟರ್ ಗಿಡ್ಡ. ಮೊದಲು 3 ವರ್ಷಕ್ಕೊಮ್ಮೆ ಮರಿ ಹಾಕುತ್ತಿದ್ದ ತಾಯಂದಿರು ಈಗ 6ರಿಂದ 10 ವರ್ಷಕ್ಕೊಮ್ಮೆ ಹಾಕ್ತಿವೆ.

ಪ್ರತಿ ಚಳಿಗಾಲ ಜಾರ್ಜಿಯಾ, ಫ್ಲೋರಿಡಾ ಕರಾವಳಿಯ ಮೇಲೆ ವಿಮಾನದಲ್ಲಿ ಸುತ್ತಿ ಹೊಸ ಮರಿಗಳನ್ನ ಎಣಿಸ್ತಾರೆ. 2017–18ರ ಚಳಿಗಾಲದಲ್ಲಿ ಒಂದೂ ಸಿಗಲಿಲ್ಲ. ಮರುವರ್ಷ ಏಳು ಸಿಕ್ಕವು.