ಅರಿಸಿನ, ಕಾಳುಮೆಣಸು ಮತ್ತು ಮರೆವಿನ ಕಾಯಿಲೆ: ಒಂದು ಟಿಪ್ಪಣಿ

ಬಿಳಿ ಪಂಚೆಗೆ ತಾಗಿದ ಅರಿಸಿನದ ಕಲೆ ಸಾಬೂನು ಹಚ್ಚಿದೊಡನೆ ಕೆಂಪಾಗುತ್ತದೆ. ತೊಳೆದು ಬಿಸಿಲಿಗೆ ಹರವಿದರೆ ಮಾಸುತ್ತದೆ. ಆ ಬಣ್ಣ ಕರ್ಕ್ಯುಮಿನ್ ಎಂಬ ಪಾಲಿಫಿನಾಲಿನದು. ಕ್ಷಾರವನ್ನಾಗಲಿ ಬೆಳಕನ್ನಾಗಲಿ ಅದು ಹೆಚ್ಚು ಹೊತ್ತು ತಾಳದು; ದೇಹದೊಳಗೂ ಹೆಚ್ಚು ಹೊತ್ತು ಉಳಿಯದು. ಮರೆವು ತರುವ ಆಲ್ಝೈಮರ್ ಕಾಯಿಲೆಗೆ ಅರಿಸಿನ ತಡೆಯಾದೀತೇ ಎಂಬ ಪ್ರಶ್ನೆಯ ತೊಡಕು ಇರುವುದೂ ಈ ಅಳ್ಳಕತನದಲ್ಲೇ ಎಂಬುದು ನನ್ನ ತಿಳಿವಳಿಕೆ.

ಆಸೆ ಹುಟ್ಟಿದ್ದಕ್ಕೆ ಕಾರಣಗಳಿದ್ದವು. 2001ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು, ಮಿದುಳಿನಲ್ಲಿ ಆಲ್ಝೈಮರ್‌ನ ಗುರುತಾದ ಅಮಿಲಾಯ್ಡ್ ಪ್ರೋಟೀನಿನ ಗಂಟುಗಳು ಕಟ್ಟಿಕೊಳ್ಳುವಂಥ ತಳಿಯ ಇಲಿಗಳ ಆಹಾರಕ್ಕೆ ಕರ್ಕ್ಯುಮಿನ್ ಬೆರೆಸಿದಾಗ ಆ ಗಂಟುಗಳು ಕಡಿಮೆಯಾದವು. ಅದೇ ವರ್ಷ ಹರಿಯಾಣದ ಬಲ್ಲಭಗಢದ ಅಂಕಿ ಹೊರಬಂತು: 65 ದಾಟಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ 4.7 ಹೊಸ ಆಲ್ಝೈಮರ್ ರೋಗಿಗಳು. ಪೆನ್ಸಿಲ್ವೇನಿಯಾದ ಮೊನೊಂಗಹೇಲಾ ಕಣಿವೆಯಲ್ಲಿ 17.5. ಈ ಅಂತರದ ಶ್ರೇಯಸ್ಸನ್ನು ಅರಿಸಿನಕ್ಕೆ ಕೊಟ್ಟವರು ಬಹಳ. ಆದರೆ ಅದು ಅರಿಸಿನದ ಅಧ್ಯಯನವಲ್ಲ. ಅನುಸರಿಸಿ ನೋಡಿದ ಅವಧಿ ಚಿಕ್ಕದೆಂದೂ ಅಂಕಿಯನ್ನು ಎಚ್ಚರಿಕೆಯಿಂದ ಅರ್ಥೈಸಬೇಕೆಂದೂ ಅದನ್ನು ನಡೆಸಿದವರೇ ಬರೆದಿದ್ದಾರೆ.

ಮನುಷ್ಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 36 ಆಲ್ಝೈಮರ್ ರೋಗಿಗಳಿದ್ದರು. 24 ವಾರ, ದಿನಕ್ಕೆ 2 ಅಥವಾ 4 ಗ್ರಾಂ ಕರ್ಕ್ಯುಮಿನ್ ತೆಗೆದುಕೊಂಡವರಲ್ಲೂ ಗುಣ ಕಾಣಲಿಲ್ಲ. ರಕ್ತ ಸೇರಿದ್ದೂ ಅತ್ಯಲ್ಪ. ಸುಲಭವಾಗಿ ಹೀರಿಕೊಳ್ಳುವಂತೆ ತಯಾರಿಸಿದ ಕರ್ಕ್ಯುಮಿನ್ 18 ತಿಂಗಳಲ್ಲಿ ನೆನಪನ್ನು ಉತ್ತಮಗೊಳಿಸಿತೆಂದು 2018ರಲ್ಲಿ ವರದಿಯಾಯಿತು. ಅಲ್ಲಿದ್ದವರು 40 ಜನ; ಮರೆವಿನ ಕಾಯಿಲೆ ಇನ್ನೂ ಬಾರದವರು.

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಪ್ರಯೋಗ. ಆರೋಗ್ಯವಂತರು 2 ಗ್ರಾಂ ಕರ್ಕ್ಯುಮಿನ್ ನುಂಗಿದಾಗ ರಕ್ತದಲ್ಲಿ ಅದು ಇದ್ದೂ ಇಲ್ಲದಂತಿತ್ತು. ಜೊತೆಗೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಲಭ್ಯತೆ ಶೇ. 2000ರಷ್ಟು ಏರಿತು. ಅಚ್ಚುಕಟ್ಟಾದ ಕೆಲಸ, ನಾನು ಗೌರವಿಸುವ ಕೆಲಸ. ಆದರೆ ಆ ಏರಿಕೆ ಶೂನ್ಯಕ್ಕೆ ಹತ್ತಿರದ ಮಟ್ಟದಿಂದ ಎಣಿಸಿದ್ದು. ಕಂಡದ್ದೂ ಮೊದಲ ಒಂದು ಗಂಟೆಯೊಳಗೆ. ಅಡುಗೆಮನೆಯ ಲೆಕ್ಕ ಹಾಕಿ ನೋಡೋಣ. ಅಷ್ಟು ಪೈಪರಿನ್‌ಗೆ ಏಳೆಂಟು ಮೆಣಸಿನ ಕಾಳು ಸಾಕು, ಒಂದು ಲೋಟ ಸಾರಿನಲ್ಲೇ ಸಿಕ್ಕೀತು. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3, 2 ಗ್ರಾಂ ಬೇಕೆಂದರೆ ಸುಮಾರು 67 ಗ್ರಾಂ ಪುಡಿ ಬೇಕು. ನಾವು ಒಗ್ಗರಣೆಗೆ ಹಾಕುವುದು ಒಂದು ಚಿಟಿಕೆ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಯಕೃತ್ತು ಕರ್ಕ್ಯುಮಿನನ್ನು ಮಾರ್ಪಡಿಸಿ ಹೊರಹಾಕುವುದಕ್ಕೆ ಪೈಪರಿನ್ ಅಡ್ಡ ಬರುತ್ತದೆ. ಕೆಲವು ಔಷಧಿಗಳ ವಿಷಯದಲ್ಲೂ ಅಷ್ಟೇ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಟ್ಟ ಪೈಪರಿನ್‌ನಿಂದ ರಕ್ತದಲ್ಲಿ ಏರುತ್ತದೆ. ನೆನಪಿಗೆಂದು ಕರ್ಕ್ಯುಮಿನ್-ಪೈಪರಿನ್ ಜೋಡಿಯ ಕ್ಯಾಪ್ಸೂಲ್ ಕೊಳ್ಳುವವರಲ್ಲಿ ಆಗಲೇ ನಾಲ್ಕೈದು ಬಗೆಯ ಮಾತ್ರೆ ನುಂಗುತ್ತಿರುವ ಹಿರಿಯರೂ ಇದ್ದಾರೆ.