ಮೇದೋವಾಹಕಗಳ ಚರಿತ್ರೆ ಮತ್ತು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಸ ಔಷಧಗಳ ಶೋಧನೆಗೆ ಪ್ರಾಧಾನ್ಯ ಕೊಡುತ್ತಾರೆ. ಶೋಧಿತವಾದ ಔಷಧವು ರೋಗಸ್ಥಾನವನ್ನು ಸೇರಿದ ಬಗೆ ಯಾವುದು, ರೋಗಿಯ ಊರನ್ನು ಸೇರಿದ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ದೊರೆತಿಲ್ಲ. ಕ್ಯಾನ್ಸರ್ ಔಷಧಗಳನ್ನು ಹೊತ್ತೊಯ್ಯುವ ಅತಿಸೂಕ್ಷ್ಮ ಲಿಪಿಡ್ ಕೋಶಿಕೆಗಳ ಚರಿತ್ರೆಯಾದರೋ ಈ ಎರಡನೆಯ ಬಗೆಯದು. ಅದು ಹೊಸ ಔಷಧದ ಚರಿತ್ರೆಯಲ್ಲ. ಹಳೆಯ ಔಷಧವನ್ನು ಸಾಗಿಸಲು ಮನುಷ್ಯನು ಕಲಿತ ಚರಿತ್ರೆ. ಎಣ್ಣೆ, ತುಪ್ಪ, ಮೊಟ್ಟೆಯ ಹಳದಿ ಮುಂತಾದವುಗಳಲ್ಲಿರುವ ಜಿಡ್ಡಿನ ದ್ರವ್ಯಗಳಿಗೆ ಲಿಪಿಡ್ ಅಥವಾ ಮೇದಸ್ಸು ಎಂದು ಹೆಸರು. ಅವುಗಳಿಂದ ರಚಿತವಾದ ವಾಹಕಗಳನ್ನು ಇಲ್ಲಿ ಮೇದೋವಾಹಕಗಳೆಂದು ಕರೆಯಲಾಗಿದೆ. ಈ ವಿದ್ಯೆಯ ಬೆಳವಣಿಗೆಯನ್ನು ಸಂಗ್ರಹವಾಗಿ ನಿರೂಪಿಸಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ದೃಷ್ಟಿಯಿಂದ ಅದರ ಬೆಲೆಯೇನೆಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಸಮಸ್ಯೆಯ ಸ್ವರೂಪ

ಇಟಲಿಯ ಕಾಸ್ಟೆಲ್ ದೆಲ್ ಮಾಂತೆ ಎಂಬ ಕೋಟೆಯ ಸಮೀಪದ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಡಾನೊರೂಬಿಸಿನ್ ಎಂಬ ಕೆಂಪು ದ್ರವ್ಯ ಲಭಿಸಿತು. ಅದೇ ಜೀವಿಯ ಮಾರ್ಪಟ್ಟ ತಳಿಯೊಂದರಿಂದ ದೊರೆತ ಡಾಕ್ಸೊರೂಬಿಸಿನ್‌ನ ವಿವರವು ೧೯೬೯ರಲ್ಲಿ ಪ್ರಕಟವಾಯಿತು. ಸ್ತನದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರ್ ಮೊದಲಾದ ಹಲವು ವ್ಯಾಧಿಗಳಲ್ಲಿ ಇದು ಇಂದಿಗೂ ಮುಖ್ಯವಾದ ಔಷಧ. ಆದರೆ ರಕ್ತದಲ್ಲಿ ಸೇರಿದೊಡನೆ ಅದು ದೇಹದ ಎಲ್ಲ ಅಂಗಗಳಿಗೂ ಹರಡುತ್ತದೆ; ಗೆಡ್ಡೆಯನ್ನು ಕೊಲ್ಲುವುದರ ಜೊತೆಗೆ ಹೃದಯದ ಸ್ನಾಯುವನ್ನೂ ಕೆಡಿಸುತ್ತದೆ. ಈ ಹಾನಿಯು ಕೊಟ್ಟ ಔಷಧದ ಒಟ್ಟು ಮೊತ್ತದೊಡನೆ ಹೆಚ್ಚುತ್ತ ಹೋಗುವುದರಿಂದ, ರೋಗವು ಇನ್ನೂ ಮಣಿಯುತ್ತಿದ್ದರೂ ಒಂದು ಮಿತಿಯಲ್ಲಿ ಚಿಕಿತ್ಸೆಯನ್ನು ನಿಲ್ಲಿಸಬೇಕಾಗುತ್ತದೆ. ಆದುದರಿಂದ ವೈದ್ಯರ ಮುಂದಿದ್ದ ಪ್ರಶ್ನೆ ಔಷಧದ ಬಲವನ್ನು ಹೆಚ್ಚಿಸುವುದಾಗಿರಲಿಲ್ಲ. ಅದನ್ನು ಹೃದಯದಿಂದ ದೂರವಿಟ್ಟು ಗೆಡ್ಡೆಯ ಬಳಿಗೆ ಒಯ್ಯುವುದಾಗಿತ್ತು.

೨. ಕೋಶಿಕೆಯ ಶೋಧನೆ

ಇದಕ್ಕೆ ಉತ್ತರವು ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಒಂದು ಸಂಶೋಧನೆಯಿಂದ ಬಂದಿತು. ಕೇಂಬ್ರಿಜ್ ಬಳಿಯ ಬೇಬ್ರಹಾಮಿನಲ್ಲಿ ರಕ್ತವಿಜ್ಞಾನಿ ಅಲೆಕ್ ಬ್ಯಾಂಗಮ್ ಅವರು ೧೯೬೦ರ ದಶಕದ ಆದಿಯಲ್ಲಿ ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಎಂಬ ಲಿಪಿಡನ್ನು ನೀರಿನಲ್ಲಿ ಕದಡಿ, ಆರ್. ಡಬ್ಲ್ಯು. ಹಾರ್ನ್ ಅವರೊಡನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಲಿಪಿಡ್ ಅಣುಗಳ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಬೇಡ. ಆ ಕಾರಣದಿಂದ ಅವು ತಾವಾಗಿಯೇ ಎರಡೆರಡು ಸಾಲಾಗಿ ನಿಂತು, ಸುತ್ತಿಕೊಂಡು, ಒಳಗೆ ನೀರನ್ನು ಹಿಡಿದಿಟ್ಟ ಕಿರುಚೀಲಗಳಾಗಿದ್ದುದು ಕಂಡುಬಂತು. ಈ ಚೀಲಗಳು ಲವಣಗಳನ್ನು ಒಳಗೆ ತಡೆದಿಡಬಲ್ಲವೆಂದು ೧೯೬೫ರ ಪ್ರಬಂಧವೊಂದರಲ್ಲಿ ಬ್ಯಾಂಗಮ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ೧೯೬೮ರಲ್ಲಿ ಅವಕ್ಕೆ ಲೈಪೊಸೋಮ್ ಎಂಬ ಹೆಸರು ಬಂತು.

ಚೀಲವೊಂದು ದೊರೆತ ಮೇಲೆ ಅದರಲ್ಲಿ ಏನನ್ನು ತುಂಬಬಹುದೆಂಬ ಆಲೋಚನೆ ಹುಟ್ಟುವುದು ಸಹಜ. ಲಂಡನ್ನಿನಲ್ಲಿ ಗ್ರೆಗರಿ ಗ್ರೆಗೊರಿಯಾಡಿಸ್ ಮತ್ತು ಬ್ರೆಂಡಾ ರೈಮನ್ ಅವರು ೧೯೭೧ರಲ್ಲಿ ಕಿಣ್ವಗಳನ್ನು ಲೈಪೊಸೋಮಿನಲ್ಲಿ ತುಂಬಿದರು. ೧೯೭೪ರ ವೇಳೆಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದರ ಸಾಧ್ಯತೆಯನ್ನು ಕುರಿತ ಗ್ರೆಗೊರಿಯಾಡಿಸ್ ಮತ್ತು ಸಂಗಡಿಗರ ಬರಹ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೂ ಔಷಧವು ಆಸ್ಪತ್ರೆಗೆ ಬರಲು ಇನ್ನೂ ಎರಡು ದಶಕಗಳು ಬೇಕಾದುವು. ಮೊದಲ ಕೋಶಿಕೆಗಳು ಸೋರುತ್ತಿದ್ದುವು. ಜೊತೆಗೆ ಯಕೃತ್ತು ಮತ್ತು ಗುಲ್ಮಗಳಲ್ಲಿರುವ ಭಕ್ಷಕ ಕೋಶಗಳು ಅವನ್ನು ಪರಕೀಯ ವಸ್ತುವೆಂದು ಬಗೆದು ಹಿಡಿದುಬಿಡುತ್ತಿದ್ದುವು. ಜೆರೂಸಲೇಮಿನಲ್ಲಿ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬರ್ಟೊ ಗಬಿಜೋನ್ ಅವರು ೧೯೮೦ರ ದಶಕದಲ್ಲಿ ನಡೆಸಿದ ಮೊದಲ ಪ್ರಯೋಗವು ಈ ಕಾರಣಗಳಿಂದಲೇ ವಿಫಲವಾಯಿತು. ಆ ವೈಫಲ್ಯವನ್ನು ಮುಚ್ಚಿಡದೆ ಅದರ ಕಾರಣಗಳನ್ನು ಒಂದೊಂದಾಗಿ ಪರಿಹರಿಸಿದುದೇ ಮುಂದಿನ ಯಶಸ್ಸಿಗೆ ಬುನಾದಿಯಾಯಿತು.

ಪರಿಹಾರಗಳು ಮೂರು. ಮೊದಲನೆಯದಾಗಿ, ಸೋಯಾ ಅವರೆಯಿಂದ ತೆಗೆದ ಲಿಪಿಡಿಗೆ ಜಲಜನಕವನ್ನು ಸೇರಿಸಿ, ಕೊಲೆಸ್ಟರಾಲಿನೊಡನೆ ಬೆರೆಸಿ, ಮೈಶಾಖದಲ್ಲಿಯೂ ಗಟ್ಟಿಯಾಗಿರುವ ಪೊರೆಯನ್ನು ಮಾಡಿದರು. ಎರಡನೆಯದಾಗಿ, ಕೋಶಿಕೆಯೊಳಗೆ ಅಮೋನಿಯಂ ಸಲ್ಫೇಟನ್ನು ಇಟ್ಟು, ಹೊರಗಿನ ಔಷಧವು ತಾನಾಗಿ ಒಳನುಗ್ಗಿ ಅಲ್ಲಿಯೇ ಹರಳುಗಟ್ಟಿ ನಿಲ್ಲುವಂತೆ ಏರ್ಪಡಿಸಿದರು. ಮೂರನೆಯದಾಗಿ, ೧೯೯೦ರ ಸುಮಾರಿಗೆ ಹಲವು ಪ್ರಯೋಗಶಾಲೆಗಳು ತೋರಿಸಿಕೊಟ್ಟಂತೆ, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರುಪ್ರಿಯ ಎಳೆಗಳನ್ನು ಹೊರಮೈಗೆ ಹೊದಿಸಿ ಭಕ್ಷಕ ಕೋಶಗಳಿಗೆ ಸುಲಭವಾಗಿ ಸಿಕ್ಕದಂತೆ ಮಾಡಿದರು. ಈ ನಡುವೆ, ೧೯೮೬ರಲ್ಲಿ, ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಅವರು ಗೆಡ್ಡೆಗಳ ರಕ್ತನಾಳಗಳ ಭಿತ್ತಿಯಲ್ಲಿ ಬಿರುಕುಗಳಿರುವುದರಿಂದ ದೊಡ್ಡ ಅಣುಗಳು ಅಲ್ಲಿ ಹೊರಕ್ಕೆ ಸೋರಿ ನೆಲೆಸುತ್ತವೆಂಬುದನ್ನು ಪ್ರಕಟಿಸಿದ್ದರು. ಹೀಗೆ ಸುಮಾರು ೮೦ರಿಂದ ೧೦೦ ನ್ಯಾನೊಮೀಟರ್ ವ್ಯಾಸದ, ಎಂದರೆ ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ಚಿಕ್ಕದಾದ, ಕೋಶಿಕೆಗಳಲ್ಲಿ ಡಾಕ್ಸೊರೂಬಿಸಿನ್ನನ್ನು ತುಂಬಿದ ‘ಡಾಕ್ಸಿಲ್’ ಸಿದ್ಧವಾಯಿತು. ೧೯೯೫ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅದಕ್ಕೆ ಮನ್ನಣೆ ನೀಡಿತು.

೩. ಫಲದ ವಿಮರ್ಶೆ

ಈ ವಾಹಕಗಳು ‘ಗುರಿಯಿಟ್ಟು ಹೊಡೆಯುವ ಬಾಣಗಳು’ ಎಂಬ ವರ್ಣನೆ ಜನಪ್ರಿಯ ಬರಹಗಳಲ್ಲಿ ಕಂಡುಬರುವುದುಂಟು. ವಿದ್ಯಾರ್ಥಿಗಳು ಇದನ್ನು ಹಾಗೆಯೇ ಒಪ್ಪಬಾರದು. ವಿವಿಧ ನ್ಯಾನೊವಾಹಕಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ದೇಹಕ್ಕೆ ಕೊಟ್ಟ ಮೊತ್ತದಲ್ಲಿ ಗೆಡ್ಡೆಯನ್ನು ಸೇರುವುದು ಮಧ್ಯಕ ಲೆಕ್ಕದಲ್ಲಿ ಶೇಕಡ ೦.೭ ಮಾತ್ರ. ಹರಡಿದ ಸ್ತನ ಕ್ಯಾನ್ಸರಿನ ೫೦೯ ಮಂದಿ ಮಹಿಳೆಯರಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಕೋಶಿಕೆಯೊಳಗಿನ ಔಷಧವನ್ನು ಪಡೆದವರೂ ಬಿಡಿ ಔಷಧವನ್ನು ಪಡೆದವರೂ ಬದುಕಿದ ಅವಧಿ ಬಹುಮಟ್ಟಿಗೆ ಸಮಾನವಾಗಿತ್ತು: ಕ್ರಮವಾಗಿ ೨೧ ಮತ್ತು ೨೨ ತಿಂಗಳು. ವ್ಯತ್ಯಾಸವಿದ್ದುದು ಹಾನಿಯಲ್ಲಿ. ಹೃದಯದ ತೊಂದರೆ ಗಣನೀಯವಾಗಿ ಇಳಿದಿತ್ತು. ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ಬಾಧೆಯಾದರೋ ಶೇಕಡ ೨ರಿಂದ ೪೮ಕ್ಕೆ ಏರಿತ್ತು. ಮೇದೋವಾಹಕವು ಹಾನಿಯ ಸ್ಥಳವನ್ನು ಬದಲಿಸಿತೆಂದೂ, ಪ್ರಾಣಕ್ಕೆ ಅಪಾಯವಾದುದನ್ನು ಸಹಿಸಬಹುದಾದುದಕ್ಕೆ ಇಳಿಸಿತೆಂದೂ ಹೇಳುವುದು ಯಥಾರ್ಥವಾದ ಮಾತು.

ಆಯುಷ್ಯವನ್ನೇ ಹೆಚ್ಚಿಸಿದ ನಿದರ್ಶನಗಳೂ ಇಲ್ಲದಿಲ್ಲ. ಎರಡು ಔಷಧಗಳನ್ನು ೫:೧ ಪ್ರಮಾಣದಲ್ಲಿ ಒಂದೇ ಲೈಪೊಸೋಮಿನಲ್ಲಿ ತುಂಬಿದ ‘ವೈಕ್ಸಿಯಾಸ್’ ೨೦೧೭ರಲ್ಲಿ ಮನ್ನಣೆ ಪಡೆಯಿತು. ವಯಸ್ಸಾದವರ ತೀವ್ರ ರಕ್ತಕ್ಯಾನ್ಸರಿನ ಒಂದು ಬಗೆಯಲ್ಲಿ ಅದು ಮಧ್ಯಕ ಆಯುಷ್ಯವನ್ನು ಸುಮಾರು ೬ ತಿಂಗಳಿಂದ ಒಂಬತ್ತೂವರೆ ತಿಂಗಳಿಗೆ ಏರಿಸಿತು.

೪. ಕರ್ನಾಟಕದಲ್ಲಿ

ಈ ವಿದ್ಯೆಯಲ್ಲಿ ಕರ್ನಾಟಕವು ಕೇವಲ ಪ್ರೇಕ್ಷಕನಾಗಿರಲಿಲ್ಲ. ಶುದ್ಧವಾದ ಫಾಸ್ಫೊಲಿಪಿಡುಗಳು ದುಬಾರಿ. ಗಾಳಿ ತಾಗಿದರೆ ಕೆಡುವಂಥವು. ಇವುಗಳ ಬದಲು ಸೋಪಿನ ಜಾತಿಯ, ಆದರೆ ವಿದ್ಯುದಾವೇಶವಿಲ್ಲದ ದ್ರವ್ಯಗಳನ್ನು ಕೊಲೆಸ್ಟರಾಲಿನೊಡನೆ ಸೇರಿಸಿದರೆ ಅಂಥವೇ ಕೋಶಿಕೆಗಳು ದೊರೆಯುತ್ತವೆ. ಇವಕ್ಕೆ ನಿಯೊಸೋಮ್ ಎಂದು ಹೆಸರು. ಮಣಿಪಾಲದ ಔಷಧವಿಜ್ಞಾನ ಕಾಲೇಜಿನಲ್ಲಿ ಎನ್. ಉಡುಪ ಮತ್ತು ಅವರ ಸಹೋದ್ಯೋಗಿಗಳು ಮೆಥೊಟ್ರೆಕ್ಸೇಟ್ ತುಂಬಿದ ಇಂಥ ಕೋಶಿಕೆಗಳನ್ನು ಗೆಡ್ಡೆಯುಳ್ಳ ಇಲಿಗಳಲ್ಲಿ ಪರೀಕ್ಷಿಸಿ ೧೯೯೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೧೯೯೪ರಲ್ಲಿ ವಿನ್‌ಕ್ರಿಸ್ಟಿನ್ ಔಷಧವನ್ನು ಹೀಗೆಯೇ ತುಂಬಿ, ಇಲಿಗಳಲ್ಲಿ ಗುಣವು ಹೆಚ್ಚಿ ವಿಷವು ಕಡಮೆಯಾದುದನ್ನು ತೋರಿಸಿದರು. ಡಾಕ್ಸಿಲ್‌ಗೆ ಮನ್ನಣೆ ದೊರೆಯುವ ಮೊದಲೇ ನಮ್ಮ ನಾಡಿನ ಪ್ರಯೋಗಶಾಲೆಯೊಂದು ಕಡಮೆ ಬೆಲೆಯ ವಾಹಕವನ್ನು ಅರಸಿತೆಂಬುದು ಗಮನಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಂತನು ಭಟ್ಟಾಚಾರ್ಯ ಮತ್ತು ಅವರ ಶಿಷ್ಯರು ಜೀನುಗಳನ್ನು ಕೋಶದೊಳಕ್ಕೆ ಒಯ್ಯುವ ಧನಾವೇಶದ ಲಿಪಿಡುಗಳನ್ನು ರಚಿಸಿ ಅಭ್ಯಸಿಸಿದರು.

ತಯಾರಿಕೆಯಲ್ಲಿ ಭಾರತದ ಸಾಮರ್ಥ್ಯ ಪ್ರಕಟವಾದುದು ಒಂದು ಅಭಾವದ ಸಂದರ್ಭದಲ್ಲಿ. ೨೦೧೧ರಲ್ಲಿ ಅಮೆರಿಕದ ಕಾರ್ಖಾನೆಯೊಂದರಲ್ಲಿ ಉತ್ಪಾದನೆ ನಿಂತು ಡಾಕ್ಸಿಲ್ ದೊರೆಯದಂತಾಯಿತು. ೨೦೧೨ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರವು ಭಾರತದ ಸನ್ ಫಾರ್ಮಾ ಕಂಪನಿಯ ‘ಲಿಪೊಡಾಕ್ಸ್’ ಅನ್ನು ತಾತ್ಕಾಲಿಕವಾಗಿ ಆಮದು ಮಾಡಿಕೊಳ್ಳಲು ಒಪ್ಪಿತು; ಮರುವರ್ಷ ಅದೇ ಕಂಪನಿಯ ಔಷಧವು ಡಾಕ್ಸಿಲ್‌ಗೆ ಸಮಾನವೆಂದು ಮನ್ನಣೆ ಪಡೆಯಿತು.

೫. ಐದು ತಾಲ್ಲೂಕುಗಳಲ್ಲಿ

ಹೀಗೆ ಅಮೆರಿಕದವರೆಗೆ ಪ್ರಯಾಣ ಮಾಡಿದ ಔಷಧವು ಕೂಡ್ಲಿಗಿಯ ಬೇಸಾಯಗಾರನಿಗೆ ಎಷ್ಟು ಸಮೀಪದಲ್ಲಿದೆ? ನಮ್ಮ ಐದು ತಾಲ್ಲೂಕುಗಳಲ್ಲಿ ಬಹುಭಾಗ ಮಳೆಯನ್ನು ನಂಬಿದ ಒಣಭೂಮಿ. ಔಷಧವಿಜ್ಞಾನದ ಬೋಧನೆಯೇನೋ ಇಲ್ಲಿಗೆ ಬಂದಿದೆ, ಹರಪನಹಳ್ಳಿಯಲ್ಲಿ ಟಿ.ಎಂ.ಎ.ಇ. ಸಂಸ್ಥೆಯ ಎಸ್.ಸಿ.ಎಸ್. ಫಾರ್ಮಸಿ ಕಾಲೇಜು ಇದೆ. ಚಿಕಿತ್ಸೆಗೆ ಮಾತ್ರ ಜನರು ದೂರ ಹೋಗುತ್ತ ಬಂದಿದ್ದಾರೆ: ೧೯೬೧ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಬಳ್ಳಾರಿಗೆ, ದಾವಣಗೆರೆಗೆ, ಹುಬ್ಬಳ್ಳಿಗೆ, ಅಥವಾ ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ.

ಇಲ್ಲಿ ಜಿಲ್ಲೆಯ ಗಡಿಯೇ ಚಿಕಿತ್ಸೆಯ ಗಡಿಯಾದ ಒಂದು ಪ್ರಸಂಗವು ಚರಿತ್ರಕಾರನ ಗಮನಕ್ಕೆ ಅರ್ಹವಾಗಿದೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬೇರ್ಪಡಿಸಿ ಅದಕ್ಕೆ ಸೇರಿಸಲಾಯಿತು. ಹಡಗಲಿ, ಹಗರಿಬೊಮ್ಮನಹಳ್ಳಿ, ಮತ್ತು ಆಗ ಕೊಟ್ಟೂರನ್ನೂ ಒಳಗೊಂಡಿದ್ದ ಕೂಡ್ಲಿಗಿ ಬಳ್ಳಾರಿಯಲ್ಲಿಯೇ ಉಳಿದುವು. ೨೦೧೦ರಲ್ಲಿ ರಾಜ್ಯ ಸರ್ಕಾರವು ಬಡತನದ ರೇಖೆಯ ಕೆಳಗಿನವರಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದವುಗಳ ಉಚಿತ ಚಿಕಿತ್ಸೆಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. ಅದು ಮೊದಲು ಜಾರಿಗೆ ಬಂದುದು ಬಳ್ಳಾರಿಯೂ ಸೇರಿದ್ದ ಗುಲ್ಬರ್ಗಾ ವಿಭಾಗದಲ್ಲಿ. ದಾವಣಗೆರೆಯಾದರೋ ಬೆಂಗಳೂರು ವಿಭಾಗದ್ದು. ಯೋಜನೆ ಅಲ್ಲಿಗೆ ವಿಸ್ತರಿಸಿದುದು ೨೦೧೨ರಲ್ಲಿ. ಒಂದೇ ಬಗೆಯ ನೆಲ, ಒಂದೇ ಬಗೆಯ ಬೆಳೆ, ಹೆಣ್ಣು ಕೊಟ್ಟು ತರುವ ಊರುಗಳು. ಆದರೂ ಗಡಿಯ ಈಚೆಯ ಬಡರೋಗಿಗೆ ಇದ್ದ ಹಕ್ಕು ಎರಡು ವರ್ಷಗಳ ಕಾಲ ಆಚೆಯ ರೋಗಿಗೆ ಇರಲಿಲ್ಲ.

ಇಂಥ ಗಡಿಯುದ್ದಕ್ಕೂ ಇದ್ದ ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು ೨೦೧೪ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಮರಣವು ಅರ್ಹ ಬಡಕುಟುಂಬಗಳಲ್ಲಿ ಶೇಕಡ ೦.೩೨, ಗಡಿಯಾಚೆಯ ಅನರ್ಹ ಬಡಕುಟುಂಬಗಳಲ್ಲಿ ಶೇಕಡ ೦.೯೦ ಎಂದು ಅದರಿಂದ ತಿಳಿದುಬರುತ್ತದೆ. ಈ ಅಂಕಿಗಳು ಇಡೀ ಗಡಿಗೆ ಸಂಬಂಧಿಸಿದವು, ನಮ್ಮ ತಾಲ್ಲೂಕುಗಳಿಗೆ ಮಾತ್ರವಲ್ಲ. ಯಾವುದೇ ಒಂದು ಔಷಧಕ್ಕೆ ಈ ಕೀರ್ತಿಯನ್ನು ಸಲ್ಲಿಸುವುದೂ ತಪ್ಪು. ಆದರೆ ಯಾವ ಹೊಸ ವಾಹಕವೂ ತಂದುಕೊಡದಷ್ಟು ದೊಡ್ಡ ಅಂತರವು ಆಸ್ಪತ್ರೆಯ ಬಾಗಿಲು ತೆರೆದಿರುವುದಕ್ಕೂ ಮುಚ್ಚಿರುವುದಕ್ಕೂ ನಡುವೆ ಇದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಹರಪನಹಳ್ಳಿಯು ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದುವು.

೬. ಉಪಸಂಹಾರ

ಮೇಲಿನ ಎರಡು ಚರಿತ್ರೆಗಳನ್ನು ಜೊತೆಯಾಗಿ ಓದಿದಾಗ ಕೆಲವು ಸಂಗತಿಗಳಿಗೆ ಹೊಸ ಅರ್ಥ ಬರುತ್ತದೆ. ೨೦೦೪ರ ಹೋಲಿಕೆಯಲ್ಲಿ ಬಿಡಿ ಔಷಧವನ್ನು ಮೂರು ವಾರಕ್ಕೊಮ್ಮೆಯೂ ಕೋಶಿಕೆಯ ಔಷಧವನ್ನು ನಾಲ್ಕು ವಾರಕ್ಕೊಮ್ಮೆಯೂ ಕೊಡಲಾಗಿತ್ತು. ಪ್ರಯೋಗಶಾಲೆಯಲ್ಲಿ ಇದು ಬಿಡುಗಡೆಯ ವೇಗದ ಮಾತು. ದಿನಗೂಲಿಯನ್ನು ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹಡಗಲಿಯಿಂದ ಹೊರಡುವ ರೋಗಿಗೆ ಅದು ವರ್ಷಕ್ಕೆ ನಾಲ್ಕು ಪ್ರಯಾಣಗಳ ಉಳಿತಾಯ. ಹಾಗೆಯೇ, ಈ ಔಷಧವನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಹೆಪ್ಪುಗಟ್ಟದಂತೆ ಇಡಬೇಕೆಂಬ ನಿಯಮವು ಬಿಸಿಲುನಾಡಿನ ತಾಲ್ಲೂಕು ಆಸ್ಪತ್ರೆಯ ವಿದ್ಯುತ್ತು ಮತ್ತು ಶೀತಕಪೆಟ್ಟಿಗೆಯ ಪ್ರಶ್ನೆಯೂ ಆಗಿದೆ. ತಂಪು ಬೇಡದ, ಬೆಲೆ ಕಡಮೆಯಾದ ವಾಹಕವನ್ನು ಅರಸುವುದು ಆದುದರಿಂದ ಎರಡನೆಯ ದರ್ಜೆಯ ಸಂಶೋಧನೆಯಲ್ಲ. ಮಣಿಪಾಲದ ನಿಯೊಸೋಮ್ ಪ್ರಯೋಗಗಳ ಐತಿಹಾಸಿಕ ಮಹತ್ವ ಇರುವುದೂ ಇಲ್ಲಿಯೇ.

ಕೋಶಿಕೆಯ ಚರಿತ್ರೆ ಪ್ರಯೋಗಶಾಲೆಗಳ ದಾಖಲೆಗಳಲ್ಲಿ ಭದ್ರವಾಗಿದೆ. ರೋಗಿಯ ಚರಿತ್ರೆಗೆ ಅಂಥ ಭದ್ರತೆಯಿಲ್ಲ. ಈ ಐದು ತಾಲ್ಲೂಕುಗಳಿಂದ ಚಿಕಿತ್ಸೆಗೆ ಹೊರಟವರು ಎಲ್ಲಿಗೆ ಹೋದರು, ಎಷ್ಟನೆಯ ಸರದಿಯಲ್ಲಿ ಚಿಕಿತ್ಸೆಯನ್ನು ಬಿಟ್ಟರು, ಯಾವ ಕಾರಣಕ್ಕೆ ಬಿಟ್ಟರು ಎಂಬುದನ್ನು ಹೆಸರುಗಳ ಗೌಪ್ಯವನ್ನು ಕಾಪಾಡಿ ಸಂಗ್ರಹಿಸುವ ಕೆಲಸವನ್ನು ಇಲ್ಲಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಗಿಲ್ಲ. ಮುಂದಿನ ವಾಹಕವನ್ನು ರೂಪಿಸುವವರಿಗೆ, ಅದು ಎಂಥ ದಾರಿಯಲ್ಲಿ ಸಾಗಬೇಕಾಗಿದೆಯೆಂಬುದನ್ನು ಆ ದಾಖಲೆಯೇ ತಿಳಿಸಿಕೊಡಬಲ್ಲುದು.